ಮನೆ ಹಗಲು ನೋಡಿ, ಪಾರ್ಕಿಂಗ್ ರಾತ್ರಿ ನೋಡಿ

ಶಿವಮೊಗ್ಗದಿಂದ ಬೆಂಗಳೂರಿಗೆ ಬರುತ್ತಿದ್ದೇವೆ, ಕಾರಿದೆ, ವಿಜಯನಗರದ ಆಸುಪಾಸು ಎರಡು ಬೆಡ್‌ರೂಮಿನ ಬಾಡಿಗೆ ಮನೆ ಬೇಕು, ಪಾರ್ಕಿಂಗ್ ಬಗ್ಗೆ ಏನೇನು ನೋಡಬೇಕು ಅಂತ ಕೇಳಿದ್ದೀರಿ. ನಾನು ಈ ಕಡೆ ನಾಲ್ಕು ಮನೆ ಬದಲಾಯಿಸಿದ್ದೇನೆ. ಒಂದನ್ನಂತೂ ಬಿಟ್ಟಿದ್ದೇ ಪಾರ್ಕಿಂಗ್ ಕಾಟಕ್ಕೆ.

ಟು-ಲೆಟ್ ಬೋರ್ಡಿನಲ್ಲಿ "ಕಾರ್ ಪಾರ್ಕಿಂಗ್ ಇದೆ" ಅಂತಿದ್ದರೆ ಅಷ್ಟಕ್ಕೇ ಒಪ್ಪಬೇಡಿ. ಇಲ್ಲಿ ಜಾಸ್ತಿ ಇರುವುದು 30x40 ಸೈಟಿನ ಮನೆಗಳು. ಅಂದರೆ 1200 ಚದರಡಿ. ಅದರಲ್ಲೇ ಕಂಬ, ಮೆಟ್ಟಿಲು, ಮೀಟರ್ ಬೋರ್ಡು ಎಲ್ಲ ಬರಬೇಕು. ಮೇಲೆ ಐದಾರು ಸಂಸಾರ, ಕೆಳಗೆ ಮೂರು ಕಾರು ನಿಂತರೆ ಹೆಚ್ಚು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲರೂ ಆಫೀಸಿಗೆ ಹೋಗಿರುತ್ತಾರೆ, ಜಾಗ ಬೇಕಾದಷ್ಟು ಕಾಣುತ್ತದೆ. ರಾತ್ರಿ ಒಂಬತ್ತರ ಮೇಲೆ ಇನ್ನೊಮ್ಮೆ ಹೋಗಿ ನೋಡಿ.

ನಾವು ಬಿಟ್ಟ ಮನೆಯಲ್ಲಿ ಪಾರ್ಕಿಂಗ್ ಇತ್ತು, ಓನರ್ ಸುಳ್ಳು ಹೇಳಿರಲಿಲ್ಲ. ಆದರೆ ಒಂದರ ಹಿಂದೊಂದು ನಿಲ್ಲಿಸಬೇಕಿತ್ತು. ಒಳಗೆ ನಮ್ಮದು, ಗೇಟಿನ ಕಡೆ ಕೆಳಗಿನ ಮನೆಯವರದು. ಅವರಿಗೆ ನೈಟ್ ಶಿಫ್ಟು. ನಾನು ಏಳಕ್ಕೆ ಹೊರಡುವ ಹೊತ್ತಿಗೆ ಪಾಪ ಅವರು ಆಗಷ್ಟೇ ಮಲಗಿರುತ್ತಿದ್ದರು. ದಿನಾ ಬೆಲ್ ಒತ್ತಿ ಎಬ್ಬಿಸಬೇಕು. ಅವರದೂ ತಪ್ಪಲ್ಲ, ನಮ್ಮದೂ ಅಲ್ಲ. ಎಂಟು ತಿಂಗಳಲ್ಲಿ ಮಾತೇ ನಿಂತುಹೋಯಿತು. ನನಗೆ ಇವತ್ತಿಗೂ ಅದು ಬೇಜಾರು. ಹಾಗಾಗಿ "ನನ್ನ ಕಾರಿನ ಹಿಂದೆ ಯಾರ ಕಾರು ನಿಲ್ಲುತ್ತೆ, ಅವರು ಎಷ್ಟು ಹೊತ್ತಿಗೆ ಹೊರಡ್ತಾರೆ" ಅಂತ ಮೊದಲೇ ಕೇಳಿ.

ಸಂಪು ಎಲ್ಲಿದೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಪಾರ್ಕಿಂಗ್ ನೆಲದ ಕೆಳಗೇ ಇರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಮುಚ್ಚಳದ ಮೇಲೆ ನಿಮ್ಮ ಕಾರಿದ್ದರೆ ಯಾವ ಹೊತ್ತಾದರೂ ಇಳಿದು ಬಂದು ತೆಗೆಯಬೇಕು. ಮುಚ್ಚಳ ತೆಳು ತಗಡಿನದಾದರೆ ಅದರ ಮೇಲೆ ಚಕ್ರ ಹತ್ತಿಸಲೇಬೇಡಿ.

ಅಪಾರ್ಟ್‌ಮೆಂಟ್ ಆದರೆ ಸ್ಲಾಟ್ ನಂಬರ್ ಕೇಳಿ, ಆ ಜಾಗದಲ್ಲೇ ಹೋಗಿ ನಿಂತು ನೋಡಿ. ಬೇಸ್‌ಮೆಂಟ್ ಇದ್ದರೆ ಗೋಡೆಯಲ್ಲಿ ನೀರು ನಿಂತ ಗೆರೆ ಇದೆಯಾ ಗಮನಿಸಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದು ನೆನಪಿರಬಹುದು.

ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಬಾಡಿಗೆ, ಅಡ್ವಾನ್ಸು, ಪೇಂಟಿಂಗ್ ಖರ್ಚು ಎಲ್ಲ ಬರೆದಿರುತ್ತಾರೆ, ಪಾರ್ಕಿಂಗ್ ಮಾತ್ರ ಬಾಯಿಮಾತು. "ಗೇಟಿನ ಎಡಗಡೆ, ಒಂದು ಕಾರಿಗೆ" ಅಂತ ಒಂದು ಸಾಲು ಸೇರಿಸಿ ಅನ್ನಿ. ನಾಳೆ ಓನರ್ ಮಗ ಕಾರು ತಗೊಂಡರೆ ನಿಮಗೆ ಆ ಸಾಲೇ ಗತಿ.

ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಕಾರನ್ನೇ ತಗೊಂಡು ಹೋಗಿ ಒಳಗೆ ಹಾಕಿ, ಹೊರಗೆ ತೆಗೆಯಿರಿ. ಎದುರು ಮನೆಯವರು ರಸ್ತೆಯಲ್ಲಿ ನಿಲ್ಲಿಸಿದ್ದರೆ ತಿರುಗಿಸಲು ಆಗುತ್ತಾ, ಕಂಬದ ಪಕ್ಕ ಬಾಗಿಲು ತೆಗೆದು ಇಳಿಯಲು ಆಗುತ್ತಾ ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ. ಈಗಿರುವ ಮನೆಗೆ ಹೀಗೆ ರಾತ್ರಿ ಹೋದಾಗ ಓನರ್ ಆಂಟಿ ಬೇಸರ ಮಾಡಿಕೊಳ್ಳಲಿಲ್ಲ. ತಾವೇ ಟಾರ್ಚ್ ಹಿಡಿದು "ಬರ್ಲಿ, ಬರ್ಲಿ, ಇನ್ನೂ ಜಾಗ ಇದೆ" ಅಂತ ಕಂಬದ ಹತ್ತಿರ ನಿಂತರು. ಮೂರು ಸಲ ಹಾಕಿ ತೆಗೆದೆ. ಮಾರನೇ ದಿನವೇ ಟೋಕನ್ ಅಡ್ವಾನ್ಸ್ ಕೊಟ್ಟೆವು.