ವಾಚ್ ಕೊಳ್ಳುವ ಮೊದಲು ಹಳೇ ಲಗ್ನಪತ್ರಿಕೆ ಕತ್ತರಿಸಿ

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುತ್ತೇನೆ. ಐಫೋನ್ 13 ಇದೆ. ಆರೋಗ್ಯದ ತೊಂದರೆ ಏನೂ ಇಲ್ಲ. ಆ್ಯಪಲ್ ವಾಚ್ ತೆಗೆದುಕೊಳ್ಳೋಣ ಅಂತ ಎರಡು ತಿಂಗಳಿಂದ ನೋಡ್ತಾನೇ ಇದ್ದೇನೆ. ಸೀರೀಸ್ 11 ಬೇಕೋ, ಎಸ್‌ಇ 3 ಸಾಕೋ? ಚಿಕ್ಕದೋ ದೊಡ್ಡದೋ? ಜಿಪಿಎಸ್ಸೋ ಸೆಲ್ಯುಲಾರೋ? ಅಂಗಡಿಯವರು ಟೈಟಾನಿಯಂ ತಗೊಳ್ಳಿ ಅಂತಾರೆ. ತಲೆ ಚಿಟ್ಟು ಹಿಡಿದಿದೆ. (ಬೆಂಗಳೂರಿನ ಓದುಗರು)

ಉತ್ತರ: ಅಂಗಡಿಯಲ್ಲಿ ಜನ ಹೆಚ್ಚು ಹೊತ್ತು ಕಳೆಯುವುದು ಪಟ್ಟಿಯ ಬಣ್ಣ ಆರಿಸಲು. ಪಟ್ಟಿಯನ್ನು ನಾಳೆ ಬೇಕಾದರೂ ಬದಲಾಯಿಸಬಹುದು. ಆದರೆ ವಾಚಿನ ಸೈಜು, ಸೆಲ್ಯುಲಾರ್ ಇದೆಯೋ ಇಲ್ಲವೋ, ಯಾವ ಲೋಹ, ಈ ಮೂರನ್ನು ಬಿಲ್ ಆದ ಮೇಲೆ ಬದಲಾಯಿಸಲು ಬರುವುದಿಲ್ಲ. ತಲೆ ಕೆಡಿಸಿಕೊಳ್ಳುವುದಿದ್ದರೆ ಅವುಗಳಿಗೆ ಕೆಡಿಸಿಕೊಳ್ಳಿ.

ಮೊದಲು ಮಾಡೆಲ್. ಎರಡೂ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಎಸ್‌ಇ 3 ಬೆಲೆ 25,900 ರೂಪಾಯಿಯಿಂದ ಶುರು, ಸೀರೀಸ್ 11 ಬೆಲೆ 46,900ರಿಂದ. ನಡುವೆ 21,000 ರೂಪಾಯಿ. ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದಿದೆ: ಎರಡರ ಒಳಗಿರುವ ಚಿಪ್ ಒಂದೇ, ಎಸ್10. ಹಾಗಾಗಿ ಎಸ್‌ಇ ತಗೊಂಡರೆ ನಿಧಾನ ಆಗುತ್ತೆ ಅನ್ನುವ ಭಯ ಬೇಡ. ಹಿಂದಿನ ಎಸ್‌ಇಗಳಲ್ಲಿ ಕೈ ಎತ್ತಿದರಷ್ಟೇ ಪರದೆ ಹೊತ್ತಿಕೊಳ್ಳುತ್ತಿತ್ತು. ಈಗ ಅದೂ ಸದಾ ಉರಿಯುತ್ತದೆ.

ಹಾಗಾದರೆ ಜಾಸ್ತಿ ದುಡ್ಡು ಯಾತಕ್ಕೆ? ಇಸಿಜಿ, ರಕ್ತದ ಆಮ್ಲಜನಕ, ಬಿಪಿ ಏರಿರುವ ಸೂಚನೆ, ಇವು ಎಸ್‌ಇಯಲ್ಲಿ ಇಲ್ಲ. ಸೀರೀಸ್ 11ರ ಪರದೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ದಪ್ಪವೂ ಒಂದು ಮಿಲಿಮೀಟರ್ ಕಡಿಮೆ. ಕೇಳಲು ಏನೂ ಅಲ್ಲ, ಆದರೆ ಉದ್ದ ತೋಳಿನ ಕುರ್ತಾ ಹಾಕುವವರಿಗೆ ಗೊತ್ತಾಗುತ್ತದೆ. ಬ್ಯಾಟರಿ ಎಸ್‌ಇಗೆ 18 ಗಂಟೆ, ಸೀರೀಸ್ 11ಕ್ಕೆ 24 ಗಂಟೆ ಅನ್ನುತ್ತಾರೆ. ಆ 24ರ ಲೆಕ್ಕದಲ್ಲಿ 6 ಗಂಟೆ ನಿದ್ದೆಯೂ ಸೇರಿದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಎರಡನ್ನೂ ದಿನಕ್ಕೊಮ್ಮೆ ಚಾರ್ಜ್‌ಗೆ ಇಡಲೇಬೇಕು. ಸ್ನಾನಕ್ಕೆ ಹೋಗುವಾಗ ಇಟ್ಟು, ತಿಂಡಿ ಮುಗಿಸಿ ಕಟ್ಟಿಕೊಂಡರೆ ಸಾಕು.

ಇಸಿಜಿ ಬಗ್ಗೆ ಒಂದು ಮಾತು. ಬೆರಳನ್ನು ವಾಚಿನ ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಹೃದಯದ ಬಡಿತ ಏರುಪೇರಾಗಿದೆಯೇ ಎಂದು ಅದು ನೋಡುತ್ತದೆ. ಹಾರ್ಟ್ ಅಟ್ಯಾಕ್ ಅನ್ನು ಅದು ಹಿಡಿಯುವುದಿಲ್ಲ. ಎದೆನೋವು ಬಂದಾಗ ವಾಚ್ ನೋಡುತ್ತಾ ಕೂತವರ ಕಥೆ ಕೇಳಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಬಡಿತ ವಿಪರೀತ ಏರಿದರೆ, ಇಳಿದರೆ ಅಥವಾ ತಾಳ ತಪ್ಪಿದರೆ ಎಚ್ಚರಿಸುವ ಸೌಲಭ್ಯ ಎಸ್‌ಇಯಲ್ಲೂ ಇದೆ. ಬಿದ್ದರೆ ತಿಳಿದುಕೊಂಡು ಸಹಾಯಕ್ಕೆ ಕರೆ ಮಾಡುವುದೂ ಇದೆ.

ಇನ್ನು ಜಿಪಿಎಸ್, ಸೆಲ್ಯುಲಾರ್. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಜಿಪಿಎಸ್ ಎರಡರಲ್ಲೂ ಇರುತ್ತದೆ. ಸೆಲ್ಯುಲಾರ್‌ನಲ್ಲಿ ಅದರ ಜೊತೆಗೆ ಇ-ಸಿಮ್, ಅಂದರೆ ವಾಚಿನೊಳಗೇ ಕೂತಿರುವ ಸಿಮ್ ಇರುತ್ತದೆ, ಫೋನ್ ಹತ್ತಿರ ಇಲ್ಲದಿದ್ದರೂ ವಾಚಿಗೇ ಕರೆ ಬರುತ್ತದೆ. ಫೋನಿಗೆ ಯಾವ ಕಂಪನಿಯ ಸಿಮ್ ಇದೆಯೋ ವಾಚಿಗೂ ಅದೇ ಕಂಪನಿಯದ್ದು ಬೇಕು, ನಿಮ್ಮ ಪ್ಲಾನ್‌ಗೆ ಅದು ಸಿಗುತ್ತದೆಯೇ ಎಂದು ಮೊದಲು ಕೇಳಬೇಕು. ವಾಚಿನ ಬೆಲೆಯೂ ಜಾಸ್ತಿ. ಸಿಮ್ಮಿನಲ್ಲಿ ಮಾತಾಡಿದರೆ ಬ್ಯಾಟರಿ ನೀರಿನಂತೆ ಖರ್ಚಾಗುತ್ತದೆ.

ನಿಮ್ಮ ಬೆಳಗ್ಗೆಯನ್ನೇ ತಗೊಳ್ಳಿ. ಫೋನ್ ಮನೆಯಲ್ಲಿ ಬಿಟ್ಟು ಲಾಲ್‌ಬಾಗ್‌ಗೆ ಹೋದರೂ ಜಿಪಿಎಸ್ ಮಾಡೆಲ್ ನೀವು ನಡೆದ ದಾರಿಯನ್ನು ಬರೆದಿಟ್ಟುಕೊಳ್ಳುತ್ತದೆ. ಮೊದಲೇ ಇಳಿಸಿಟ್ಟ ಹಾಡುಗಳನ್ನು ಕಿವಿಗೆ ಕೇಳಿಸುತ್ತದೆ. ಆದರೆ ಗೇಟಿನ ಹೊರಗೆ ಎಳನೀರು ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡಲು ಫೋನೇ ಬೇಕಲ್ವಾ? ವಾಚಿಗೆ ಕ್ಯಾಮೆರಾ ಇಲ್ಲ. ಹೇಗೂ ಫೋನ್ ಜೇಬಲ್ಲಿ ಇರುತ್ತದೆ ಅಂದರೆ ಸೆಲ್ಯುಲಾರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಈಜುವವರಿಗೆ, ಫೋನ್ ಬಿಟ್ಟು ದೂರ ಓಡುವವರಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಟೈಟಾನಿಯಂ ಎಸ್‌ಇಯಲ್ಲಿ ಇಲ್ಲವೇ ಇಲ್ಲ. ಸೀರೀಸ್ 11ರಲ್ಲಿ ಇದೆ, 79,900ರಿಂದ ಶುರು. ಅದರ ಗಾಜು ಸಫೈರ್, ಅಂದರೆ ನೀಲಮಣಿಯ ಜಾತಿಯ ಹರಳು. ಇದಕ್ಕೆ ಒಂದು ಅರ್ಥ ಇದೆ, ನನ್ನದೇ ಅನುಭವ ಹೇಳುತ್ತೇನೆ. ನನ್ನ ಮೊದಲ ಅಲ್ಯೂಮಿನಿಯಂ ವಾಚಿನ ಗಾಜಿಗೆ ಗೀರು ಬಿದ್ದದ್ದು ಅಡುಗೆಮನೆ ಕಟ್ಟೆಯ ಮೇಲೆ. ಕುಕ್ಕರ್ ಇಳಿಸಿ ಕೈ ತಿರುಗಿಸಿದೆ, ಕಟ್ಟೆಯ ಅಂಚಿಗೆ ಸರ್ರನೆ ಉಜ್ಜಿತು. ಗ್ರಾನೈಟ್‌ನಲ್ಲಿ ಬೆಣಚುಕಲ್ಲಿನ ಹರಳುಗಳಿರುತ್ತವೆ, ಮರಳಿನಲ್ಲಿರುವುದೂ ಹೆಚ್ಚಾಗಿ ಅದೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7, ಸಾಮಾನ್ಯ ಗಾಜು ಅದಕ್ಕಿಂತ ಕೆಳಗೆ, ಸಫೈರ್ 9, ವಜ್ರ 10. ಹಾಗಾಗಿ ಗ್ರಾನೈಟ್ ಗಾಜನ್ನು ಗೀರುತ್ತದೆ, ಸಫೈರನ್ನು ಗೀರಲಾರದು. ಹಾಗಂತ ಸಫೈರ್ ಒಡೆಯುವುದೇ ಇಲ್ಲ ಅಂತಲ್ಲ. ಗಟ್ಟಿ ನೆಲಕ್ಕೆ ಬಿದ್ದರೆ ಅದೂ ಬಿರುಕು ಬಿಡುತ್ತದೆ. ಗೀರಿನ ಭಯಕ್ಕೆ 33,000 ಜಾಸ್ತಿ ಕೊಡುವ ಬದಲು ಅಡುಗೆ ಮಾಡುವಾಗ ವಾಚ್ ಬಿಚ್ಚಿ ಫ್ರಿಜ್ ಮೇಲಿಡಿ. ನಾನು ಈಗ ಅದನ್ನೇ ಮಾಡುತ್ತಿದ್ದೇನೆ.

ಕೊನೆಗೆ ಸೈಜು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಜನ ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತದೆ. ಆ ದಪ್ಪ ಕಾಗದದಲ್ಲಿ ಎರಡು ತುಂಡು ಕತ್ತರಿಸಿ: ಒಂದು 40 ಮಿಲಿಮೀಟರ್ ಉದ್ದ, 34 ಅಗಲ. ಇನ್ನೊಂದು 44 ಉದ್ದ, 38 ಅಗಲ. ಇವು ಎಸ್‌ಇಯ ಎರಡು ಸೈಜು. (ಸೀರೀಸ್ 11 ಆದರೆ 42ಕ್ಕೆ 36, 46ಕ್ಕೆ 39.) ಒಂದೊಂದನ್ನೇ ರಬ್ಬರ್ ಬ್ಯಾಂಡ್ ಹಾಕಿ ಮಣಿಕಟ್ಟಿಗೆ ಕಟ್ಟಿ, ಕೈ ಇಳಿಬಿಟ್ಟು ದೂರದ ಕನ್ನಡಿಯಲ್ಲಿ ನೋಡಿ. ಹತ್ತಿರದಿಂದ ನೋಡಿದರೆ ಎಲ್ಲವೂ ದೊಡ್ಡದಾಗೇ ಕಾಣುತ್ತದೆ. ತುಂಡಿನ ಮೂಲೆ ಮಣಿಕಟ್ಟಿನ ಅಂಚು ದಾಟಿ ಹೊರಗೆ ಚಾಚಿದರೆ ಅದು ನಿಮಗೆ ದೊಡ್ಡದು. ಆಮೇಲೆ ಅಂಗೈಯನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ಕೈ ಊರಿ ಏಳುವಾಗ ಮಡಚುತ್ತೀರಲ್ಲ, ಹಾಗೆ. ತುಂಡು ಕೈಗೆ ಒತ್ತಿದರೆ ನಿಜವಾದ ವಾಚಿನ ಗುಂಡಿ ಇನ್ನೂ ಜೋರಾಗಿ ಒತ್ತುತ್ತದೆ. ಯೋಗ ಮಾಡುವವರಿಗೆ ಇದು ದೊಡ್ಡ ಕಿರಿಕಿರಿ.

ದೊಡ್ಡ ಸೈಜಿನ ಪರವಾಗಿಯೂ ಒಂದು ಮಾತು ಇದೆ. ಮನೆಯವರು ಕನ್ನಡದಲ್ಲಿ ಮೆಸೇಜ್ ಮಾಡುತ್ತಾರಾ? ಚಿಕ್ಕ ಪರದೆಯಲ್ಲಿ ಒತ್ತಕ್ಷರಗಳು ಒತ್ತೊತ್ತಾಗಿ ಕೂತು ಕಣ್ಣು ಕಿರಿದು ಮಾಡಿ ಓದಬೇಕಾಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡರೆ ಒಂದು ಸಲಕ್ಕೆ ನಾಲ್ಕೇ ಪದ ಕಾಣುತ್ತದೆ. ಓದುವ ಕನ್ನಡಕ ಬಂದವರಿಗೆ ನಾನು ದೊಡ್ಡದನ್ನೇ ಹೇಳುವುದು.

ನಿಮಗೆ ನನ್ನ ಸಲಹೆ ಎಸ್‌ಇ 3, ಜಿಪಿಎಸ್, ಸೈಜು ಲಗ್ನಪತ್ರಿಕೆ ಹೇಳಿದ್ದು. ಐಫೋನ್ 11ರಿಂದ ಈಚೆಗಿನ ಫೋನ್‌ಗಳಿಗೆ ಇದು ಹೊಂದುತ್ತದೆ, ಆದರೆ ಫೋನಿನ ತಂತ್ರಾಂಶ ಐಒಎಸ್ 26 ಅಥವಾ ಅದಕ್ಕಿಂತ ಹೊಸದಾಗಿರಬೇಕು. ಡಬ್ಬಿಯಲ್ಲಿ ಚಾರ್ಜಿಂಗ್ ಕೇಬಲ್ ಇರುತ್ತದೆ, ಗೋಡೆಗೆ ಹಾಕುವ ಅಡಾಪ್ಟರ್ ಇರುವುದಿಲ್ಲ. ಇನ್ನೊಂದು ವಿಷಯ, ಅಕ್ಕನ ಹಳೇ ಪಟ್ಟಿ ಬಳಸುವ ಯೋಚನೆ ಇದ್ದರೆ: 38, 40, 41ರ ಪಟ್ಟಿಗಳು ಒಂದಕ್ಕೊಂದು ಕೂರುತ್ತವೆ, 44, 45, 46, 49ರವು ಒಂದಕ್ಕೊಂದು. 42 ಮಾತ್ರ ಮೋಸ. ಸೀರೀಸ್ 3ರ ತನಕ 42 ಅಂದರೆ ದೊಡ್ಡ ಗುಂಪು, ಸೀರೀಸ್ 10ರಿಂದ 42 ಅಂದರೆ ಚಿಕ್ಕ ಗುಂಪು.

ಪ್ರಶ್ನೆ: ಅಪ್ಪನಿಗೆ 68 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬಿಪಿ ಇದೆ. ತೋಟಕ್ಕೆ ಹೋದಾಗ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಚಿಂತೆ. ನನ್ನದು ಐಫೋನ್, ಅವರದು ಸ್ಯಾಮ್‌ಸಂಗ್. ಆ್ಯಪಲ್ ವಾಚ್ ಸೆಲ್ಯುಲಾರ್ ಕೊಡಿಸಲೇ? (ಶಿವಮೊಗ್ಗದ ಓದುಗರು)

ಉತ್ತರ: ಬೇಡ. ವಾಚ್ ಹೊಂದಬೇಕಾದ್ದು ಅಪ್ಪನ ಫೋನಿಗೆ. ಆ್ಯಪಲ್ ವಾಚ್ ಸ್ಯಾಮ್‌ಸಂಗ್‌ನಂಥ ಆ್ಯಂಡ್ರಾಯ್ಡ್ ಫೋನ್ ಜೊತೆ ಕೆಲಸ ಮಾಡುವುದೇ ಇಲ್ಲ. ಅವರ ಫೋನಿಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ ಸರಿ. ಅದರಲ್ಲೂ ಎರಡು ಬಗೆ: ಫೋನ್ ಹತ್ತಿರ ಇದ್ದರಷ್ಟೇ ಕರೆ ಮಾಡುವ ಬ್ಲೂಟೂತ್, ಸೆಲ್ಯುಲಾರ್‌ನಂತೆ ವಾಚಿಗೇ ಸಿಮ್ ಇರುವ ಎಲ್‌ಟಿಇ.

ಯಾವುದು ಅಂತ ತೀರ್ಮಾನಿಸಲು ಈ ಸಲ ಊರಿಗೆ ಹೋದಾಗ ಅಪ್ಪನ ಫೋನ್ ಹಿಡಿದು ತೋಟ ಸುತ್ತಿ ಬನ್ನಿ. ಪಂಪ್‌ಹೌಸ್ ಹತ್ತಿರ, ಹೊಳೆ ಅಂಚಿನಲ್ಲಿ, ತೋಟದ ತಗ್ಗಿನಲ್ಲಿ ನಿಂತು ನಿಮಗೇ ಒಂದೊಂದು ಕರೆ ಮಾಡಿ. ಅಲ್ಲೆಲ್ಲ ಕರೆ ಹೋದರೆ ಎಲ್‌ಟಿಇ ತಗೊಳ್ಳಿ. ವಾಚಿನ ಆಂಟೆನಾ ಫೋನಿನದ್ದಕ್ಕಿಂತ ಚಿಕ್ಕದು. ಮಲೆನಾಡಿನಲ್ಲಿ ಜಗಲಿಯ ಒಂದೇ ಮೂಲೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವ ಮನೆಗಳಿವೆ. ಅಂಥ ಕಡೆ ಎಲ್‌ಟಿಇ ವಾಚ್ ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆಗ ಬ್ಲೂಟೂತ್ ಮಾಡೆಲ್ ಕೊಡಿಸಿ, ಫೋನನ್ನು ಜೇಬಿನಲ್ಲಿ ಇಟ್ಟುಕೊಂಡೇ ತೋಟಕ್ಕೆ ಹೋಗುವ ರೂಢಿ ಮಾಡಿಸಿ. ಫೋನಿಗೂ ಸಿಗ್ನಲ್ ಸಿಗದ ಜಾಗದಿಂದ ಯಾವ ವಾಚೂ ಕರೆ ಮಾಡಲಾರದು, ಅಂಥ ದಿನ ಪಕ್ಕದ ಮನೆಯವರಿಗೆ ಹೇಳಿ ಹೋಗಲಿ.

ಬಿದ್ದರೆ ತಿಳಿಸುವ ಸೌಲಭ್ಯ ಸೆಟ್ಟಿಂಗ್‌ನಲ್ಲಿ ಆನ್ ಆಗಿದೆಯೇ ಎಂದು ನೀವೇ ನೋಡಿ. ‘ಯಾವಾಗಲೂ’ ಎಂಬುದನ್ನು ಆರಿಸಿ. ತುರ್ತಿಗೆ ನಿಮ್ಮ ನಂಬರ್ ಹಾಕಿ, ಜೊತೆಗೆ ಪಕ್ಕದ ಮನೆಯವರದ್ದೂ ಹಾಕಿ. ನೀವು ಶಿವಮೊಗ್ಗದಿಂದ ಹೊರಟು ತಲುಪುವಷ್ಟರಲ್ಲಿ ಅವರು ತೋಟದಲ್ಲಿರುತ್ತಾರೆ.

ಬಿಪಿ ವಿಷಯ. ಗ್ಯಾಲಕ್ಸಿ ವಾಚ್‌ನ ಬಿಪಿ ಸೌಲಭ್ಯ ತಾನೇ ತಾನಾಗಿ ಅಳೆಯುವುದಿಲ್ಲ. ತೋಳಿಗೆ ಕಟ್ಟುವ ಬಿಪಿ ಮಿಷನ್‌ನಲ್ಲಿ ಅಳೆದ ಅಂಕಿಗಳನ್ನು ಮೊದಲು ಅದಕ್ಕೆ ಕೊಡಬೇಕು, ಪ್ರತಿ 28 ದಿನಕ್ಕೊಮ್ಮೆ ಮತ್ತೆ ಕೊಡಬೇಕು. ಸೀರೀಸ್ 11ರ ಬಗ್ಗೆ ಕೇಳಿರಬಹುದು. ಅದು 30 ದಿನದ ಮಾಹಿತಿ ನೋಡಿ ಬಿಪಿ ಏರಿರಬಹುದು ಎನ್ನುತ್ತದೆ, ಎಷ್ಟು ಅಂತ ಅಂಕಿ ಹೇಳುವುದಿಲ್ಲ. ಅಂದಮೇಲೆ ತೋಳಿನ ಮಿಷನ್ ಮನೆಯಲ್ಲಿ ಇರಲೇಬೇಕು. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ ಕೆಲಸ, ಅದಕ್ಕೆ ಆ ಮಿಷನ್ನಿನ ಅಂಕಿಯೇ ಬೇಕು.

ಪ್ರಶ್ನೆ: ಅಣ್ಣ ನ್ಯೂಜೆರ್ಸಿಯಿಂದ ಬರುತ್ತಿದ್ದಾನೆ. ಅಲ್ಲಿ ಅಗ್ಗವಂತೆ, ಅಲ್ಲಿಂದಲೇ ತರಿಸಿಕೊಳ್ಳಲೇ? (ಮೈಸೂರಿನ ಓದುಗರು)

ಉತ್ತರ: ಸೀರೀಸ್ 11 ಅಲ್ಲಿ 399 ಡಾಲರ್, ಮೇಲೆ ಅವರ ಸೇಲ್ಸ್ ಟ್ಯಾಕ್ಸ್. ಇಲ್ಲಿಯ 46,900ರಲ್ಲಿ ಜಿಎಸ್‌ಟಿ ಸೇರಿದೆ. ಲೆಕ್ಕ ಹಾಕಿದರೆ ಅಲ್ಲೇ ಅಗ್ಗ, ನಿಜ. ಜಿಪಿಎಸ್ ಮಾಡೆಲ್ ಆದರೆ ಧಾರಾಳವಾಗಿ ತರಿಸಿಕೊಳ್ಳಿ. ಸೆಲ್ಯುಲಾರ್ ಇಲ್ಲೇ ತಗೊಳ್ಳಿ, ದೇಶದಿಂದ ದೇಶಕ್ಕೆ ಅದರ ಮಾಡೆಲ್ ನಂಬರ್ ಬೇರೆಯಾಗುತ್ತದೆ, ನೆಟ್‌ವರ್ಕ್ ತಕರಾರು ಬಂದರೆ ಯಾರ ಹತ್ತಿರ ಹೋಗುತ್ತೀರಿ?

ರಕ್ತದ ಆಮ್ಲಜನಕ ನೋಡುವವರಿಗೆ ಇನ್ನೊಂದು ವಿಷಯ. ಮಾಸಿಮೊ ಎಂಬ ಕಂಪನಿಯ ಜೊತೆಗಿನ ಪೇಟೆಂಟ್ ಜಗಳದಿಂದ 2024ರ ಜನವರಿಯಿಂದ ಅಮೆರಿಕದಲ್ಲಿ ಆ ಸೌಲಭ್ಯ ಇಲ್ಲದೆಯೇ ವಾಚ್ ಮಾರಿದರು. 2025ರ ಆಗಸ್ಟ್‌ನಲ್ಲಿ ಬೇರೆ ರೂಪದಲ್ಲಿ ಮರಳಿ ತಂದರು. ಅಲ್ಲಿಯ ವಾಚಿನಲ್ಲಿ ಲೆಕ್ಕ ನಡೆಯುವುದು ಐಫೋನಿನಲ್ಲಿ, ಫಲಿತಾಂಶ ಕಾಣುವುದೂ ಫೋನಿನಲ್ಲೇ. ಇಲ್ಲಿ ಮಾರುವುದರಲ್ಲಿ ಕೈಯಲ್ಲೇ ಕಾಣುತ್ತದೆ.

ಪ್ರಶ್ನೆ: ಎರಡು ಸಾವಿರದ ವಾಚ್ ಸಾಲುವುದಿಲ್ಲವೇ? (ಹಾಸನದ ಓದುಗರು)

ಉತ್ತರ: ಟೈಮು, ಹೆಜ್ಜೆ, ಯಾರು ಫೋನ್ ಮಾಡಿದ್ದಾರೆ ಅನ್ನುವುದು ಸಾಕು ಅಂದರೆ ಧಾರಾಳ ಸಾಕು. ಒಂದು ಚಾರ್ಜ್‌ಗೆ ಹಲವು ದಿನ ಓಡುತ್ತವೆ, ಅದು ಅವುಗಳ ದೊಡ್ಡ ಗುಣ. ಡಬ್ಬಿಯ ಮೇಲೆ ‘ಜಿಪಿಎಸ್’ ಅಂತ ಇದ್ದರೆ ವಾಚಿನೊಳಗೇ ಇದೆಯೋ, ಫೋನಿನದ್ದನ್ನು ಎರವಲು ಪಡೆಯುತ್ತದೆಯೋ ಕೇಳಿ. ಬಿಪಿಯನ್ನೂ ತೋರಿಸುತ್ತದೆ ಅಂದರೆ ಅಂಗಡಿಯಲ್ಲೇ ಅದನ್ನು ಮೇಜಿನ ಕಾಲಿಗೆ ಕಟ್ಟಿ ಅಳೆದು ನೋಡಿ. ನಾನು ಒಂದನ್ನು ಹಾಗೆ ಕಟ್ಟಿದ್ದೆ. ಮೇಜಿನ ಬಿಪಿ ನಾರ್ಮಲ್ ಇತ್ತು.