ಫಾಗ್ ಲ್ಯಾಂಪ್, ಸ್ಟೀರಿಯೋ ಹಾಕಿಸಿದ ಮೇಲೆ ಬ್ಯಾಟರಿ ಇಳಿಯುತ್ತಿದೆ, ಹೊಸದು ತಗೊಳ್ಳಬೇಕಾ?

ಈಗಲೇ ಬ್ಯಾಟರಿಗೆ ದುಡ್ಡು ಹಾಕಬೇಡಿ. ನೀವು ಬರೆದಿರುವ ಪ್ರಕಾರ ಫಾಗ್ ಲ್ಯಾಂಪ್, ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿ ಒಂದು ತಿಂಗಳಾಗಿದೆ. ಶಿವಮೊಗ್ಗದ ಮನೆ ಮುಂದೆ ಎರಡು ದಿನ ಗಾಡಿ ನಿಂತರೆ ಸೆಲ್ಫ್ ಬರೀ ಟಕ್ ಟಕ್ ಅನ್ನುತ್ತದೆ. ಮಳೆಯಲ್ಲಿ ಇಂಡಿಕೇಟರ್ ಹಾಕಿದರೆ ಅದರ ಜೊತೆ ಫಾಗ್ ಲ್ಯಾಂಪೂ ಮಿಣುಕುತ್ತದೆ. ಇದು ಒಂದು ತೊಂದರೆ ಅಲ್ಲ, ಎರಡು. ಒಂದು ಕಡೆ ಕರೆಂಟ್ ಸೋರುತ್ತಿದೆ, ಇನ್ನೊಂದು ಕಡೆ ಅರ್ಥ್, ಅಂದರೆ ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ಜೋಡಣೆ, ಸರಿಯಾಗಿ ಕೂತಿಲ್ಲ. ಎರಡೂ ವೈರ್ ಜೋಡಿಸಿದ ಕಡೆಯೇ ಇರುತ್ತವೆ, ಬ್ಯಾಟರಿಯಲ್ಲಲ್ಲ.

ಮೊದಲು ಸೋರಿಕೆ. 10 ಆಂಪಿಯರ್ ಅಳೆಯುವ ಮಲ್ಟಿಮೀಟರ್ ಬೇಕು, ಸಾಧಾರಣದ್ದೇ ಸಾಕು. ಕೀ ತೆಗೆದು, ಬಾಗಿಲು ಹಾಕಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಹಿಡಿಯಿರಿ. ಹಾಗೆ ಹಿಡಿದಿರುವಾಗ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಗಾಡಿಯೊಳಗಿನ ಕಂಪ್ಯೂಟರುಗಳು ಮಲಗುವುದಕ್ಕೆ ಅರ್ಧ ಗಂಟೆ ಬಿಡಿ. ಆಮೇಲೆ 50 ಮಿಲಿಆಂಪಿಯರ್ ಒಳಗೆ ತೋರಿಸಿದರೆ ಚಿಂತೆಯಿಲ್ಲ. 400 ತೋರಿಸಿತು ಅಂದುಕೊಳ್ಳಿ. ದಿನಕ್ಕೆ ಸುಮಾರು 10 ಆಂಪಿಯರ್ ಅವರ್, ಎರಡು ದಿನಕ್ಕೆ 20. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಆಯ್ತು, ಸೆಲ್ಫ್ ಹೇಗೆ ಹೊಡೆಯುತ್ತದೆ?

ಈಗ ಫ್ಯೂಸ್‌ಗಳನ್ನು ಒಂದೊಂದಾಗಿ ಎಳೆಯುತ್ತಾ ಹೋಗಿ. ಯಾವುದು ಎಳೆದಾಗ ಅಂಕಿ ದಡಕ್ಕನೆ ಇಳಿಯಿತೋ ಕಳ್ಳ ಅಲ್ಲೇ. ಆದರೆ ಅಂಗಡಿಯವರು ಹಾಕಿದ ವೈರ್ ಎಷ್ಟೋ ಸಲ ಫ್ಯೂಸ್ ಬಾಕ್ಸಿಗೆ ಹೋಗಿರುವುದೇ ಇಲ್ಲ, ನೇರ ಬ್ಯಾಟರಿಗೆ ಬಂದಿರುತ್ತದೆ. ಅದನ್ನೇ ಮೊದಲು ಬಿಚ್ಚಿ ನೋಡಿ.

ನನ್ನ ಅನುಮಾನ ಸ್ಟೀರಿಯೋ ಮೇಲೆ. ಅದರ ಹಳದಿ ವೈರಿಗೆ ಯಾವಾಗಲೂ 12 ವೋಲ್ಟ್ ಬರಬೇಕು, ನೆನಪು ಉಳಿಸಿಕೊಳ್ಳುವುದಕ್ಕೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೀಯಿಂದ ಬರುವ ವೈರ್ ಹುಡುಕುವುದು ಬೇಜಾರಾಗಿ ಎರಡನ್ನೂ ಸೇರಿಸಿ ತಿರುಚಿಬಿಡುವವರಿದ್ದಾರೆ. ಆಗ ಸ್ಕ್ರೀನ್ ಕಪ್ಪಾದರೂ ಒಳಗೆ ಸ್ಟೀರಿಯೋ ಎಚ್ಚರವಾಗೇ ಇರುತ್ತದೆ. ಬ್ಯಾಟರಿಯ ಮೈನಸ್ ಮತ್ತೆ ಹಾಕಿ, ಮೀಟರಿನ ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಿ, ಕೀ ತೆಗೆದು ಸ್ಟೀರಿಯೋದ ಕೆಂಪು ವೈರ್ ಅಳೆಯಿರಿ, 12 ವೋಲ್ಟ್ ತೋರಿಸಿದರೆ ಅದೇ.

ಇನ್ನು ಮಿಣುಕುವ ವಿಷಯ. ಇದು ನನಗೇ ಆಗಿದೆ. ಜುಲೈ ತಿಂಗಳ ಒಂದು ಸಂಜೆ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಮಂಜು ಬಾನೆಟ್ ಮೇಲೇ ಕೂತ ಹಾಗಿತ್ತು. ಎರಡನೇ ತಿರುವಿನಲ್ಲಿ ಎರಡೂ ಫಾಗ್ ಲ್ಯಾಂಪ್ ಮಂಕಾಗಿ ಆರಿಹೋದವು. ಹೆಂಡತಿ ಮಕ್ಕಳು ಗಾಡಿಯಲ್ಲಿದ್ದರು. ಮುಂದಿನ ಹನ್ನೆರಡು ತಿರುವು ಹೇಗೆ ಇಳಿದೆ ಅಂತ ಇವತ್ತಿಗೂ ನೆನೆಸಿಕೊಳ್ಳಲು ಭಯ. ಮಾರನೇ ದಿನ ಬಂಪರ್ ಕೆಳಗೆ ಮಲಗಿ ಟೇಪ್ ಬಿಚ್ಚಿದೆ. ಅಂಟು ಕರಗಿ ಬೆರಳಿಗೆ ಮೆತ್ತಿಕೊಂಡಿತು, ಒಳಗಿಂದ ಎರಡು ಹನಿ ನೀರು ಬಿತ್ತು. ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಪುಡಿಯಾದವು. ಅರ್ಥ್ ವೈರನ್ನು ಪೇಂಟ್ ಕೆರೆಯದೇ ಬೋಲ್ಟಿಗೆ ಸಿಕ್ಕಿಸಿದ್ದರು. ಬೇಸಿಗೆಯಲ್ಲಿ ಆ ಜಾಯಿಂಟ್ ಚೆನ್ನಾಗೇ ಕೆಲಸ ಮಾಡಿತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕಡೆ ಬರೀ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲವೂ ಉಳಿಯುವುದಿಲ್ಲ.

ನಿಮ್ಮದನ್ನು ಹೀಗೆ ನೋಡಿ. ಮೀಟರನ್ನು 20 ವೋಲ್ಟಿಗೆ ಇಟ್ಟು, ಫಾಗ್ ಲ್ಯಾಂಪ್ ಉರಿಯುತ್ತಿರುವಾಗ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಲ್ಯಾಂಪಿನ ಕಪ್ಪು ವೈರಿಗೆ. 0.2 ಒಳಗಿದ್ದರೆ ಅರ್ಥ್ ಸರಿಯಿದೆ. ಒಂದು ವೋಲ್ಟ್ ಬಂದರೆ ಕೆಟ್ಟಿದೆ. ಒಳ್ಳೆಯ ಅರ್ಥ್ ಸಿಗದ ಕರೆಂಟ್ ಪಕ್ಕದ ಇಂಡಿಕೇಟರ್ ದಾರಿ ಹಿಡಿಯುತ್ತದೆ, ಅದಕ್ಕೇ ಜೊತೆಯಲ್ಲಿ ಮಿಣುಕುವುದು. ಬೋಲ್ಟ್ ಜಾಗವನ್ನು ತಗಡು ಹೊಳೆಯುವ ತನಕ ಕೆರೆದು, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಜಾಯಿಂಟುಗಳನ್ನು ಬೆಸುಗೆ ಹಾಕಿಸಿ, ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ವೈರಿಗೆ ಬಿಗಿಯಾಗಿ ಕೂರುವ ಕೊಳವೆ) ಹಾಕಿಸಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಇಲಿಯೂ ಸೇರುತ್ತದೆ, ವೈರ್ ಕಡಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿಬಿಡಿ.

ಒಂದು ವಿಷಯ ಮಾತ್ರ ಇವತ್ತೇ ನೋಡಿ. 55 ವಾಟಿನ ಎರಡು ಲ್ಯಾಂಪ್ ಅಂದರೆ 9 ಆಂಪಿಯರ್. ಅದಕ್ಕೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್, ಇರಲೇಬೇಕು. ಬ್ಯಾಟರಿ ಪ್ಲಸ್ಸಿನಿಂದ ಗೇಣುದ್ದದೊಳಗೆ 15 ಆಂಪಿಯರ್ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಹರಿದರೆ ಗಾಡಿಗೇ ಬೆಂಕಿ ಹತ್ತುತ್ತದೆ, ಕೀ ನಿಮ್ಮ ಜೇಬಿನಲ್ಲಿದ್ದರೂ ಸರಿ. ಫ್ಯೂಸ್ ಕಾಣದಿದ್ದರೆ ಆ ವೈರನ್ನು ಈಗಲೇ ಬ್ಯಾಟರಿಯಿಂದ ಬಿಚ್ಚಿ ತುದಿಗೆ ಟೇಪ್ ಸುತ್ತಿಡಿ. ಫ್ಯೂಸ್ ಹಾಕಿಸುವ ತನಕ ಫಾಗ್ ಲ್ಯಾಂಪ್ ಇಲ್ಲದೇ ಓಡಿಸಿ.