ಕತ್ತರಿ ಆಮೇಲೆ, ಮೊದಲು ದರಕು

ಕುಮಟಾದಲ್ಲಿ ಹೊಸ ಮನೆ, ಸುತ್ತ ಹತ್ತು ಗುಂಟೆ ಚಿರೆಕಲ್ಲಿನ ಜಾಗ. ‘ಚಳಿಗಾಲದಲ್ಲಿ ಗಿಡಗಳನ್ನೆಲ್ಲ ಗಿಡ್ಡ ಕತ್ತರಿಸಿ, ಉದುರಿದ ಎಲೆ ಗುಡಿಸಿ ಸುಡಿ’ ಅಂತ ಯಾವುದೋ ವಿಡಿಯೋದಲ್ಲಿ ಹೇಳಿದ್ದಾರೆ, ಮಾಡಲೇ ಅಂತ ಕೇಳಿದ್ದೀರಿ. ಐದು ವರ್ಷದ ಕಸಿ ಮಾವಿಗೆ ದಿನಾ ನೀರು ಹಾಕಿದರೂ ಹೂವೇ ಇಲ್ಲ ಅಂತಲೂ ಬರೆದಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹುಟ್ಟಿದ್ದು ಶಿರಸಿ ಕಡೆ, ಈಗ ಇರುವುದು ನಿಮ್ಮ ಹಾಗೇ ಗಟ್ಟದ ಕೆಳಗೆ. ಎರಡೂ ಕಡೆಯ ಚಳಿ ಗೊತ್ತು.

ಆ ವಿಡಿಯೋ ಹಿಮ ಬೀಳುವ ಊರಿನದಿರಬೇಕು. ಅಲ್ಲಿ ಚಳಿಗೆ ಗಿಡ ಮಲಗಿರುತ್ತದೆ, ಕತ್ತರಿಸಿದರೂ ತೊಂದರೆ ಇಲ್ಲ. ನಮ್ಮ ಕರಾವಳಿಯಲ್ಲಿ ರಾತ್ರಿ ಚಳಿ ಅಂದರೂ 20 ಡಿಗ್ರಿಯ ಆಸುಪಾಸು. ಗಿಡ ಮಲಗುವುದೇ ಇಲ್ಲ. ನಮ್ಮ ಸಮಸ್ಯೆ ಚಳಿ ಅಲ್ಲ, ಒಣಹವೆ. ಮಳೆಗಾಲದಲ್ಲಿ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಆಮೇಲೆ ಡಿಸೆಂಬರಿನಿಂದ ಏಪ್ರಿಲ್ ತನಕ ಹೆಚ್ಚುಕಡಿಮೆ ಏನೂ ಇಲ್ಲ. ಮರ ಎಲೆ ಉದುರಿಸುವುದೂ ನೀರು ಉಳಿಸಿಕೊಳ್ಳುವುದಕ್ಕೇ. ಹಾಗೆ ಉದುರಿದ್ದನ್ನು ನಾವು ಗುಡಿಸಿ ಸುಟ್ಟರೆ ಹೇಗೆ?

ಹಾಗಾಗಿ ಮೊದಲ ಕೆಲಸ ದರಕು, ಅಂದರೆ ಈ ಉದುರಿದ ಒಣ ಎಲೆ. ಗಟ್ಟದ ಮೇಲೆ ಅಡಿಕೆ ತೋಟದವರು ಇದಕ್ಕಾಗಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಹೊತ್ತು ತರುತ್ತಾರೆ. ನಿಮ್ಮಲ್ಲಿ ಅಂಗಳಕ್ಕೇ ಬೀಳುತ್ತಿದೆ. ಮಣ್ಣು ಇನ್ನೂ ಮೆತ್ತಗಿರುವಾಗ, ಅಂದರೆ ದೀಪಾವಳಿಯಿಂದ ಡಿಸೆಂಬರ್ ಮಧ್ಯದೊಳಗೆ, ಗಿಡದ ಬುಡದ ಕಳೆ ಕೆತ್ತಿ, ಮಣ್ಣು ಸ್ವಲ್ಪ ಸಡಿಲಿಸಿ, ಹಳೇ ಸಗಣಿ ಗೊಬ್ಬರ ಹಾಕಿ, ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೇಲೆ ನಾಲ್ಕು ಬೆರಳು ದಪ್ಪ ದರಕು ಮುಚ್ಚಿ. ಮಾವಿಗೆ ಮಾತ್ರ ಈ ಗೊಬ್ಬರ, ನೀರು ಎರಡೂ ಬೇಡ. ಕಾರಣ ಮುಂದೆ ಹೇಳುತ್ತೇನೆ. ಜನವರಿ ತನಕ ಕಾದರೆ ಚಿರೆಮಣ್ಣಿಗೆ ಪಿಕಾಸಿಯೇ ಬೇಕು. ಮೂಡುಗಾಳಿ ಶುರುವಾದರೆ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ.

ಒಂದು ಎಚ್ಚರಿಕೆ. ಕಾಂಡದಿಂದ ಒಂದು ಗೇಣು ಜಾಗ ಖಾಲಿ ಬಿಡಿ. ನಾನು ಮೊದಲ ವರ್ಷ ಪ್ರೀತಿ ಜಾಸ್ತಿಯಾಗಿ ಸಪೋಟ ಗಿಡದ ಕುತ್ತಿಗೆ ತನಕ ದರಕು ಪೇರಿಸಿದ್ದೆ. ಒಳಗೊಳಗೇ ಗೆದ್ದಲು ಹತ್ತಿ ತೊಗಟೆ ಸುತ್ತ ತಿಂದು ಮುಗಿಸಿತ್ತು. ಎಲೆ ಬಾಡಿದ ಮೇಲೆ ನೋಡಿದರೆ ಏನು ಪ್ರಯೋಜನ? ಉಳಿದ ದರಕನ್ನು ಮೂಲೆಯಲ್ಲಿ ಗುಂಡಿ ಮಾಡಿ ಸಗಣಿ ನೀರು ಚಿಮುಕಿಸಿ ಕೊಳೆಸಿ. ತೆಂಗಿನ ಸಸಿ ಇದ್ದರೆ ಆ ಗುಂಡಿಯನ್ನು ಆಗಾಗ ಕೆದಕಿ ನೋಡಬೇಕು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ಅಂಥಲ್ಲೇ. ದಪ್ಪ ಬಿಳಿ ಹುಳ ಕಂಡರೆ ಹೆಕ್ಕಿ ಕೋಳಿಗೆ ಹಾಕಿ, ಕೋಳಿಗೆ ಹಬ್ಬ.

ಈಗ ನಿಮ್ಮ ಮಾವು. ಸತ್ಯ ಹೇಳಬೇಕೆಂದರೆ ನೀವು ನೀರು ಹಾಕುತ್ತಿರುವುದೇ ತಪ್ಪು. ಮಾವು ಹೂ ಬಿಡುವುದು ಬಲಿತ ಕುಡಿಯ ತುದಿಯಲ್ಲಿ. ಮಳೆ ನಿಂತ ಮೇಲೆ ಸ್ವಲ್ಪ ಬಾಯಾರಿ, ರಾತ್ರಿಯ ತಂಪು ತಾಗಿದರೆ ಡಿಸೆಂಬರ್–ಜನವರಿಯಲ್ಲಿ ಹೂ ಬರುತ್ತದೆ. ದಿನಾ ನೀರು, ಮೇಲಿಂದ ಯೂರಿಯಾ ಸಿಕ್ಕರೆ ಅದು ಸುಮ್ನೆ ಕೆಂಪು ಚಿಗುರು ಬಿಡುತ್ತಾ ಇರುತ್ತದೆ. ಇವತ್ತೇ ನಿಲ್ಲಿಸಿ. ಕಾಯಿ ಬಟಾಣಿ ಗಾತ್ರ ಆದ ಮೇಲೆ ನೀರು ಕೊಡಿ. ಈಗ ಟೊಂಗೆ ಸವರಿದರೆ ಹೂವಿನ ಜಾಗವನ್ನೇ ಕಡಿದ ಹಾಗೆ. ಒಣಗಿದ್ದು, ಬಂದಳಿಕೆ ಹತ್ತಿದ್ದು ಮಾತ್ರ ತೆಗೆಯಿರಿ. ಉಳಿದದ್ದು ಹಣ್ಣು ಮುಗಿದ ಮೇಲೆ. ಗೇರಿಗೂ ಇದೇ ಮಾತು, ಅದೂ ಈಗ ಹೂವಿಗೆ ಬರುವ ಹೊತ್ತು.

ಕತ್ತರಿ ಹಿಡಿಯಲೇಬೇಕು ಅಂತ ಕೈ ತುರಿಸುತ್ತಿದ್ದರೆ ಗುಂಡುಮಲ್ಲಿಗೆ ಇದೆಯಲ್ಲ! ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಡಿಸೆಂಬರಿನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆ ಕಿತ್ತು, ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿ. ಬೇಸಿಗೆಗೆ ಮೊಗ್ಗು ತುಂಬುತ್ತದೆ. ದಾಸವಾಳವನ್ನು ಆಕಾರಕ್ಕೆ ಸವರಿದರೆ ಸಾಕು.

ಈ ವರ್ಷ ನೆಟ್ಟ ಅಡಿಕೆ ಸಸಿಗಳಿಗೆ ನೈಋತ್ಯ ದಿಕ್ಕಿನಿಂದ ತೆಂಗಿನ ಗರಿಯ ಮರೆ ಕಟ್ಟಿ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಓರೆ ಬಿಸಿಲು ನೇರ ಕಾಂಡಕ್ಕೇ ಹೊಡೆಯುತ್ತದೆ. ಸುಟ್ಟ ಕಲೆ ಮೊದಲು ಹಳದಿ, ಆಮೇಲೆ ಕಂದು, ಮುಂದೆ ಅಲ್ಲೇ ಸೀಳುತ್ತದೆ. ಸ್ವಲ್ಪ ಎತ್ತರ ಆಗಿದ್ದರೆ ಕಾಂಡಕ್ಕೆ ಸುಣ್ಣ ಬಳಿದರೂ ನಡೆಯುತ್ತದೆ.

ಹುಲ್ಲುಹಾಸಿನ ಬಗ್ಗೆ ನನಗೆ ಅಷ್ಟು ಆಸೆ ಇಲ್ಲ. ಇದ್ದರೆ ತೀರಾ ಬೋಳಿಸಬೇಡಿ, ಒಂದು ಸಲಕ್ಕೆ ಮೂರರಲ್ಲಿ ಒಂದು ಭಾಗ ಮಾತ್ರ ಕತ್ತರಿಸಿ. ನನ್ನನ್ನು ಕೇಳಿದರೆ ಆ ನೀರಲ್ಲಿ ಹರಿವೆ, ಬದನೆ, ಮೊಗೆಕಾಯಿ ಬೆಳೆಯಬಹುದು. ಬಚ್ಚಲ ನೀರನ್ನು ಬಸಳೆ, ಬಾಳೆಗೆ ತಿರುಗಿಸಿ. ಅಂಗಳದ ಪಾಚಿಗೆ ಪುಡಿ-ಗಿಡಿ ಬೇಡ. ಬಿಸಿಲಿಗೆ ಒಣಗಿ ಸಿಪ್ಪೆ ಏಳುತ್ತದೆ, ಆಗ ಕೆರೆದು ಗುಡಿಸಿ.

ಬೇಲಿ ಬದಿಯ ಯುಪಟೋರಿಯಂ ಕಳೆ ಮಾತ್ರ ಬಿಡಬೇಡಿ. ಬಿಳಿ ಹೂ ಅರಳಿ ಬೀಜ ಗಾಳಿಗೆ ಹಾರುವ ಮೊದಲೇ ಬುಡಸಮೇತ ಕೀಳಬೇಕು. ತಡವಾದರೆ ಮುಂದಿನ ಮಳೆಗೆ ನಿಮ್ಮದಷ್ಟೇ ಅಲ್ಲ, ಪಕ್ಕದವರ ಜಾಗವೂ ತುಂಬುತ್ತದೆ. ಒಣಗಿ ನಿಂತರೆ ಬೆಂಕಿಗೆ ತುಪ್ಪ ಇದ್ದ ಹಾಗೆ. ರಸ್ತೆ ಬದಿ ಬೇಲಿ ಅಂತೀರಿ, ಯಾರೋ ಬೀಡಿ ಎಸೆದರೆ ಸಾಕು. ಜನವರಿ ಒಳಗೆ ಬೇಲಿಗುಂಟ ನಾಲ್ಕಡಿ ಅಗಲ ಹುಲ್ಲು ಕೆತ್ತಿಸಿಡಿ.

ನಾಳೆ ಹಗಲಲ್ಲಿ ಮಾವಿನ ಎರಡು-ಮೂರು ಕುಡಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಎಲೆ ಕಡುಹಸಿರಾಗಿ ಬಲಿತಿದ್ದರೆ ಈ ವರ್ಷವೇ ಹೂವಿನ ಆಸೆ ಇಟ್ಟುಕೊಳ್ಳಬಹುದು. ಕೆಂಪು ಚಿಗುರೇ ಜಾಸ್ತಿ ಇದ್ದರೆ ಮುಂದಿನ ವರ್ಷಕ್ಕೇ ನೋಡೋಣ.